ಗುಂತಕಲ್ಲಿಗೆ ಹೋದರೆ ಜೂನಿಯರ್, ವಾಸ್ಕೋಗೆ ಹೋದರೆ ಸೀನಿಯರ್: ರಾಜ್ಯ ಬದಲಾದರೆ ಸೇವಾ ಹಿರಿತನ ಏನಾಗುತ್ತೆ?

ಬಳ್ಳಾರಿಯ ರೈಲ್ವೆ ನೌಕರರೊಬ್ಬರು ಗೋವಾದ ವಾಸ್ಕೋಗೆ ವರ್ಗವಾದರು ಅಂತ ಇಟ್ಟುಕೊಳ್ಳಿ. ರಾಜ್ಯ ಬದಲಾಯಿತು, ಭಾಷೆ ಬದಲಾಯಿತು, ಊಟವೂ ಬದಲಾಯಿತು. ಸೀನಿಯಾರಿಟಿ ಮಾತ್ರ ಇದ್ದಲ್ಲೇ ಇರುತ್ತೆ. ಅದೇ ನೌಕರರು ಮನೆ ಕಾರಣಕ್ಕೆ ಕೇಳಿಕೊಂಡು, 50 ಕಿಲೋಮೀಟರ್ ಆಸುಪಾಸಿನ ಗುಂತಕಲ್ಲಿಗೆ ಹೋದರೆ? ಅಲ್ಲಿನ ಪಟ್ಟಿಯಲ್ಲಿ ನಿನ್ನೆ ಸೇರಿದ ಹುಡುಗನಿಗಿಂತಲೂ ಕೆಳಗೆ ಅವರ ಹೆಸರು.

ಇದು ಯಾರದೋ ತಪ್ಪಿನಿಂದ ಆಗೋದಲ್ಲ, ನಿಯಮವೇ ಹಾಗಿದೆ. ವಾಸ್ಕೋ ಮತ್ತು ಬಳ್ಳಾರಿ ಎರಡೂ ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೆ ಸೇರಿವೆ. ಗುಂತಕಲ್ಲು ಬೇರೆ ವಿಭಾಗ, ಬೇರೆ ವಲಯ. ಹಾಗಾಗಿ ಮೊದಲ ಪಾಠ ಇದು: ಸೀನಿಯಾರಿಟಿಗೆ ರಾಜ್ಯದ ಗಡಿ ಕಾಣುವುದಿಲ್ಲ, ಪಟ್ಟಿಯ ಗಡಿ ಮಾತ್ರ ಕಾಣುತ್ತೆ.

ನಮ್ಮ ಕಡೆ ಇದು ಬರೀ ಥಿಯರಿ ಅಲ್ಲ. ಸಿರುಗುಪ್ಪದಿಂದ ಆದವಾನಿಗೆ, ಬಳ್ಳಾರಿಯಿಂದ ರಾಯದುರ್ಗಕ್ಕೆ, ಕುರುಗೋಡಿನಿಂದ ಆಲೂರಿಗೆ ಹೆಣ್ಣು ಕೊಡೋದು ತರೋದು ತಲೆಮಾರುಗಳಿಂದ ನಡೆದಿದೆ. ಸಂಬಂಧಗಳಿಗೆ ಗಡಿ ಇಲ್ಲ, ಸರ್ವಿಸ್ ರಿಜಿಸ್ಟರಿಗೆ ಇದೆ. ಗಡಿ ಆಚೆ ಮದುವೆ ಗೊತ್ತಾದ ಮೇಲೆ ನೌಕರಿ ಇರುವ ಹುಡುಗಿ ಕೇಳುವ ಪ್ರಶ್ನೆ ಒಂದೇ: 'ಟ್ರಾನ್ಸ್‌ಫರ್ ತಗೊಂಡ್ರೆ ನನ್ನ ಸರ್ವಿಸ್ ಏನಾಗುತ್ರಿ?' ಒಂದೊಂದು ನೌಕರಿಗೆ ಒಂದೊಂದು ಉತ್ತರ ಇದೆ. ಅವುಗಳನ್ನು ಒಂದೇ ಕಡೆ ಜೋಡಿಸಿಡುವ ಪ್ರಯತ್ನ ಈ ಬರಹ.

ಸೀನಿಯಾರಿಟಿ ಅನ್ನೋದು ಒಂದಲ್ಲ, ಎರಡು

ಇಂಜಿನಿಯರಿಂಗ್ ಓದುವಾಗ ಡೇಟಾ ಸ್ಟ್ರಕ್ಚರ್ ಪಾಠದಲ್ಲಿ ನಮಗೆ 'ಕ್ಯೂ' ಕಲಿಸಿದ್ದರು. ಮೊದಲು ಬಂದವರು ಮೊದಲು ಹೊರಗೆ, ಹೊಸಬರು ಬಾಲಕ್ಕೆ. ಸೇವಾ ಹಿರಿತನದ ಅರ್ಧ ಭಾಗ ಇದೇ. ಬಡ್ತಿ, ಕ್ವಾರ್ಟರ್ಸ್, ಒಳ್ಳೆ ಪೋಸ್ಟಿಂಗ್ ಇವೆಲ್ಲ ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರಿಗೆ ಸಿಗದಂಥವು. ಅದಕ್ಕೇ ಇಲ್ಲಿ ಸರದಿ ಬೇಕು, ಪಟ್ಟಿ ಬೇಕು. ಇದು ಪೈಪೋಟಿಯ ಸೀನಿಯಾರಿಟಿ.

ಇನ್ನರ್ಧ ಭಾಗಕ್ಕೆ ಸರದಿಯ ಹಂಗಿಲ್ಲ. ಸಂಬಳದ ಹಂತ, ರಜೆ, ಗ್ರಾಚ್ಯುಟಿ, ಪಿಂಚಣಿಗೆ ಲೆಕ್ಕವಾಗುವ ವರ್ಷಗಳು ನಿಮ್ಮವು. ಅವು ನಿಮಗೆ ಸಿಕ್ಕರೆ ಪಕ್ಕದ ಮೇಜಿನವರಿಗೆ ನಷ್ಟವಿಲ್ಲ. ಒಬ್ಬನೇ ಮಾಲೀಕನ ಕೈಕೆಳಗೆ ನಿಯಮಬದ್ಧವಾಗಿ ವರ್ಗವಾದರೆ ಇವು ಸಾಮಾನ್ಯವಾಗಿ ಜೊತೆಗೇ ಬರುತ್ತವೆ. ಅಮೆರಿಕದ ಯೂನಿಯನ್ ಒಪ್ಪಂದಗಳಲ್ಲೂ ಈ ಎರಡನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ. ಕಂಪನಿ ಒಂದೇ ಆದರೂ ಊರು ಬದಲಿಸಿದ ಕಾರ್ಮಿಕರು ಶಿಫ್ಟ್ ಆರಿಸಿಕೊಳ್ಳುವ ಸರದಿಯಲ್ಲಿ ಹಲವು ಕಡೆ ಹಿಂದಕ್ಕೆ ಹೋಗುತ್ತಾರೆ, ರಜೆಯ ಲೆಕ್ಕ ಹಳೆಯದೇ ಇರುತ್ತೆ.

'ಸೀನಿಯಾರಿಟಿ ಹೋಗುತ್ತೆ' ಅಂತ ಯಾರಾದರೂ ಹೆದರಿಸಿದರೆ ನೀವು ಕೇಳಬೇಕಾದ ಮೊದಲ ಪ್ರಶ್ನೆ: ಯಾವುದು? ಹೋಗೋದು ಸರದಿ. ಸರ್ವಿಸ್ ಅಲ್ಲ.

ರೈಲ್ವೆ: ಮೂರು ಬಾಗಿಲು

ಭಾರತದಲ್ಲಿ ಈ ವಿಷಯವನ್ನು ಬಿಡಿಬಿಡಿಯಾಗಿ ಬರೆದಿಟ್ಟ ಸಂಸ್ಥೆಗಳಲ್ಲಿ ರೈಲ್ವೆ ಒಂದು. ಇಂಡಿಯನ್ ರೈಲ್ವೆ ಎಸ್ಟಾಬ್ಲಿಷ್‌ಮೆಂಟ್ ಮ್ಯಾನ್ಯುಯಲ್‌ನ 310, 311, 312ನೇ ಪ್ಯಾರಾಗಳನ್ನು ಓದಿದರೆ ಇಡೀ ತರ್ಕ ಅರ್ಥವಾಗುತ್ತೆ.

ಮೊದಲ ಬಾಗಿಲು ಆಡಳಿತ ಹಿತದೃಷ್ಟಿಯ ವರ್ಗಾವಣೆ. ರೈಲ್ವೆಯೇ ತನ್ನ ಅಗತ್ಯಕ್ಕೆ ನಿಮ್ಮನ್ನು ಕಳಿಸಿದರೆ, ಆ ಗ್ರೇಡಿಗೆ ನೀವು ಬಂದ ತಾರೀಕಿನ ಪ್ರಕಾರವೇ ಹೊಸ ಪಟ್ಟಿಯಲ್ಲಿ ಜಾಗ. ಏನೂ ಹೋಗುವುದಿಲ್ಲ.

ಎರಡನೆಯದು ಸ್ವಂತ ಕೋರಿಕೆ. ನೀವೇ ಕೇಳಿಕೊಂಡು ಬೇರೆ ಪಟ್ಟಿಗೆ ಹೋದರೆ, ಆ ಗ್ರೇಡಿನಲ್ಲಿ ಈಗಾಗಲೇ ಇರುವ ಕಾಯಂ, ತಾತ್ಕಾಲಿಕ, ಪ್ರಭಾರ ಎಲ್ಲರ ಕೆಳಗೆ ನಿಮ್ಮ ಹೆಸರು. ನೀವು ಎಷ್ಟು ವರ್ಷ ದುಡಿದಿದ್ದರೂ ಅಷ್ಟೇ. ಜೊತೆಗೆ, ಇಂಥ ವರ್ಗಾವಣೆ ಸಾಮಾನ್ಯವಾಗಿ ನೇರ ನೇಮಕಾತಿ ಇರುವ ಗ್ರೇಡುಗಳಿಗೆ ಮಾತ್ರ. ಬಡ್ತಿ ಪಡೆದು ಮೇಲೆ ಬಂದವರು ಎಷ್ಟೋ ಸಲ ಹಳೇ ಗ್ರೇಡಿಗೆ ಇಳಿದು ಹೋಗಬೇಕಾಗುತ್ತೆ.

ಮೂರನೆಯದು ಪರಸ್ಪರ ವರ್ಗಾವಣೆ, ಎಲ್ಲರ ಬಾಯಲ್ಲಿ ಮ್ಯೂಚುವಲ್. ಬಳ್ಳಾರಿಯಿಂದ ಗುಂತಕಲ್ಲಿಗೆ ಹೋಗಬೇಕಾದ ನೀವು, ಗುಂತಕಲ್ಲಿನಿಂದ ಬಳ್ಳಾರಿಗೆ ಬರಬೇಕಾದ ಅದೇ ಹುದ್ದೆಯ ಇನ್ನೊಬ್ಬರನ್ನು ಹುಡುಕಿಕೊಂಡರೆ, ನಿಮ್ಮ ಸ್ವಂತ ಸೀನಿಯಾರಿಟಿ ಅಥವಾ ಆ ವ್ಯಕ್ತಿಯ ಸೀನಿಯಾರಿಟಿ, ಎರಡರಲ್ಲಿ ಯಾವುದು ಕೆಳಗಿದೆಯೋ ಅದು ನಿಮಗೆ. ಸೀನಿಯರ್ ಆದವರು ಒಂದಿಷ್ಟು ಕಳೆದುಕೊಳ್ಳುತ್ತಾರೆ, ಜೂನಿಯರ್ ಏನೂ ಕಳೆದುಕೊಳ್ಳುವುದಿಲ್ಲ. ಬಾಲಕ್ಕೆ ಹೋಗುವ ಬದಲು ನಡುವೆ ಎಲ್ಲೋ ನಿಲ್ಲುವ ದಾರಿ ಇದು. ಹತ್ತಿರ ಹತ್ತಿರ ಒಂದೇ ವರ್ಷ ಸೇರಿದ ಜೋಡಿ ಸಿಕ್ಕರೆ ನಷ್ಟವೂ ಅಷ್ಟಕ್ಕಷ್ಟೆ.

ಬಳ್ಳಾರಿಯ ಸಮಸ್ಯೆ ಇಲ್ಲಿ ವಿಚಿತ್ರ. 2003ರ ಏಪ್ರಿಲ್ 1ರಂದು ನೈಋತ್ಯ ರೈಲ್ವೆ ಹುಟ್ಟುವ ತನಕ ಹುಬ್ಬಳ್ಳಿ, ಗುಂತಕಲ್ಲು ಎರಡೂ ವಿಭಾಗಗಳು ದಕ್ಷಿಣ ಮಧ್ಯ ರೈಲ್ವೆಯಲ್ಲೇ ಇದ್ದವು. ಆಮೇಲೆ ಹುಬ್ಬಳ್ಳಿ ಹೊಸ ವಲಯಕ್ಕೆ ಬಂತು. ಗುಂತಕಲ್ಲು ಅಲ್ಲೇ ಉಳಿದು, 2019ರಲ್ಲಿ ಘೋಷಣೆಯಾದ ವಿಶಾಖಪಟ್ಟಣದ ದಕ್ಷಿಣ ಕರಾವಳಿ ರೈಲ್ವೆಯ ಪಾಲಿಗೆ ಬಂತು. ಹಳಿ ಅದೇ, ಊರುಗಳು ಅವೇ. ಆದರೆ ವರ್ಗಾವಣೆ ಅರ್ಜಿ ಮಾತ್ರ ಈಗ ಒಂದು ವಲಯದಿಂದ ಇನ್ನೊಂದು ವಲಯಕ್ಕೆ ಹೋಗಬೇಕು. ಎರಡೂ ಕಡೆಯ ಒಪ್ಪಿಗೆ ಬೇಕು, ಬಿಡುಗಡೆಗೆ ಕಾಯಬೇಕು.

ಬ್ಯಾಂಕ್: ಒಂದೇ ಬೋರ್ಡು, ಬೇರೆ ಪಟ್ಟಿ

ರಾಷ್ಟ್ರೀಕೃತ ಬ್ಯಾಂಕುಗಳ ಕ್ಲರ್ಕ್ ನೇಮಕ ರಾಜ್ಯವಾರು. ಆಯಾ ರಾಜ್ಯದ ಭಾಷೆಯೂ ಗೊತ್ತಿರಬೇಕು. ಸಂಬಳ, ಭತ್ಯೆ ದೇಶದ ತುಂಬಾ ಒಂದೇ. ಅದು ಯೂನಿಯನ್‌ಗಳು ಮತ್ತು ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್ ನಡುವಿನ ದ್ವಿಪಕ್ಷೀಯ ಒಪ್ಪಂದದಲ್ಲಿ ತೀರ್ಮಾನವಾಗುತ್ತೆ. 12ನೇ ಒಪ್ಪಂದಕ್ಕೆ ಸಹಿ ಬಿದ್ದದ್ದು 2024ರ ಮಾರ್ಚ್ 8ರಂದು. ಹಾಗಾಗಿ ಸಿರುಗುಪ್ಪ ಶಾಖೆಯ ಕ್ಲರ್ಕ್ ಅದೇ ಬ್ಯಾಂಕಿನ ಆದವಾನಿ ಶಾಖೆಗೆ ಕೋರಿಕೆ ಮೇಲೆ ಹೋದರೆ ಸಂಬಳದ ಹಂತ ಉಳಿಯುತ್ತೆ. ಬಡ್ತಿಯ ಸರದಿ ಮಾತ್ರ ಹಲವು ಬ್ಯಾಂಕುಗಳ ವರ್ಗಾವಣೆ ನೀತಿಯಲ್ಲಿ ಹೊಸ ರಾಜ್ಯಕ್ಕೆ ಸೇರಿದ ದಿನದಿಂದ ಶುರು. ಅಧಿಕಾರಿಗಳ ಕಥೆ ಬೇರೆ. ಅವರದು ದೇಶಮಟ್ಟದ ಪಟ್ಟಿ, ಎಲ್ಲಿ ಹಾಕಿದರೂ ಸರದಿ ಒಂದೇ.

ಮದುವೆಯಾದ ಮಹಿಳಾ ನೌಕರರಿಗೆ ಗಂಡ ಇರುವ ಊರಲ್ಲಿ ಅಥವಾ ಅದರ ಹತ್ತಿರ, ಮದುವೆ ಆಗದವರಿಗೆ ತಂದೆ ತಾಯಿ ಇರುವಲ್ಲಿ, ಆದಷ್ಟೂ ಜಾಗ ಕೊಡಿ ಅಂತ ಹಣಕಾಸು ಸಚಿವಾಲಯ 2014ರಲ್ಲೇ ಸರ್ಕಾರಿ ಬ್ಯಾಂಕುಗಳಿಗೆ ಬರೆದಿತ್ತು. ಆದರೆ ಜಾಗ ಕೊಡೋದು ಬೇರೆ, ಸರದಿ ಕೊಡೋದು ಬೇರೆ.

ಗ್ರಾಮೀಣ ಬ್ಯಾಂಕಿನವರಿಗೆ ಬಾಗಿಲೇ ಇಲ್ಲ. 2025ರ ಮೇ 1ರಿಂದ ರಾಜ್ಯಕ್ಕೊಂದೇ ಗ್ರಾಮೀಣ ಬ್ಯಾಂಕ್. ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ವಿಲೀನವಾಗಿ ಉಳಿದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿ ನಮ್ಮ ಬಳ್ಳಾರಿಯಲ್ಲೇ ಇದೆ. ಕುರುಗೋಡಿನಲ್ಲಿ ಕೆಲಸ ಮಾಡುವವರು ಬೀದರಿನಿಂದ ಚಾಮರಾಜನಗರದ ತನಕ ಎಲ್ಲಿ ಬೇಕಾದರೂ ವರ್ಗ ಕೇಳಬಹುದು. ಆದರೆ ಆಂಧ್ರದಲ್ಲಿರೋದು ಬೇರೆ ಬ್ಯಾಂಕ್, ಬೇರೆ ಮಾಲೀಕ. ಅಲ್ಲಿಗೆ ವರ್ಗಾವಣೆ ಅನ್ನೋದೇ ಇಲ್ಲ. ರಾಜೀನಾಮೆ ಕೊಟ್ಟು, ಮತ್ತೆ ಪರೀಕ್ಷೆ ಬರೆದು, ಹೊಸಬರಾಗಿ ಸೇರಬೇಕು.

ರಾಜ್ಯ ಸರ್ಕಾರ ಮತ್ತು ಸಾರಿಗೆ ಬಸ್ಸು

ರಾಜ್ಯ ಸರ್ಕಾರಿ ನೌಕರರಿಗೂ ಇದೇ ಗೋಡೆ. ಕರ್ನಾಟಕದ ನೌಕರರು ಆಂಧ್ರಕ್ಕೆ ನಿಯೋಜನೆ ಮೇಲೆ ಹೋಗಬಹುದು. ಆಗ ಮೂಲ ಇಲಾಖೆಯ ಪಟ್ಟಿಯಲ್ಲಿ ಹೆಸರು ಹಾಗೇ ಇರುತ್ತೆ. ಆದರೆ ಅದು ಅವಧಿ ಇರುವ ವ್ಯವಸ್ಥೆ, ಎರಡು ಸರ್ಕಾರಗಳು ಒಪ್ಪಬೇಕು. ಸಂಸಾರ ಹೂಡುವಷ್ಟು ಗಟ್ಟಿ ನೆಲ ಅಲ್ಲ.

ರಾಜ್ಯದ ಒಳಗೇ ಗೋಡೆಗಳಿವೆ ಅನ್ನೋದನ್ನೂ ಮರೆಯಬಾರದು. ಪ್ರಾಥಮಿಕ ಶಾಲೆ ಶಿಕ್ಷಕರ ಜ್ಯೇಷ್ಠತೆ ಜಿಲ್ಲಾ ಮಟ್ಟದ್ದು. ಕೋರಿಕೆ ಮೇಲೆ ಜಿಲ್ಲೆ ದಾಟಿದರೆ ಅಲ್ಲಿ ಕೊನೆ. ಕಲ್ಯಾಣ ಕರ್ನಾಟಕ ಸಾರಿಗೆಯ ಬಳ್ಳಾರಿ ವಿಭಾಗದ ಕಂಡಕ್ಟರ್ ಬೆಂಗಳೂರಿನ ಬಿಎಂಟಿಸಿಗೆ ಹೋಗಬೇಕು ಅಂದರೂ ಅದು ಇನ್ನೊಂದು ನಿಗಮ. ಅಂತರ ನಿಗಮ ವರ್ಗಾವಣೆಗೆ ಅವಕಾಶ ಸಿಕ್ಕರೂ ಸರದಿ ಬಿಟ್ಟುಕೊಟ್ಟೇ ಹೋಗಬೇಕು. ಹಾಗಾಗಿ ಇದನ್ನು ಗಡಿನಾಡಿನವರ ತಾಪತ್ರಯ ಅಂತ ಪಕ್ಕಕ್ಕೆ ಇಡೋ ಹಾಗಿಲ್ಲ.

ಕಾರ್ಖಾನೆ ಮತ್ತು ಗಣಿ

ತೋರಣಗಲ್ಲು, ಸಂಡೂರು ಕಡೆಯ ಕಾರ್ಖಾನೆ ಮತ್ತು ಗಣಿಗಳಲ್ಲಿ ಕಾಯಂ ಕಾರ್ಮಿಕರ ಸೀನಿಯಾರಿಟಿ ಮೂರು ಕಡೆ ಬರೆದಿರುತ್ತೆ: ಸ್ಥಾಯಿ ಆದೇಶ, ಯೂನಿಯನ್ ಜೊತೆಗಿನ ಒಪ್ಪಂದ, ಮತ್ತು ನೇಮಕಾತಿ ಪತ್ರ. ಇಲ್ಲಿ ಸರದಿ ಬಡ್ತಿಗಷ್ಟೇ ಅಲ್ಲ, ಕೆಲಸ ಉಳಿಯೋದಕ್ಕೂ ಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯ 25ಜಿ ಕಲಂ ಹೇಳಿದ್ದು 'ಕೊನೆಗೆ ಬಂದವರು ಮೊದಲು ಹೊರಗೆ' ಅಂತ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಆ ತತ್ವವನ್ನು ಉಳಿಸಿಕೊಂಡಿದೆ. ಅಂದರೆ ಬೇರೆ ರಾಜ್ಯದ ಘಟಕಕ್ಕೆ ಹೋಗಿ ಅಲ್ಲಿನ ಪಟ್ಟಿಯ ಬಾಲ ಸೇರಿದವರಿಗೆ ಕಷ್ಟಕಾಲದಲ್ಲಿ ಕತ್ತಿ ಮೊದಲು ತಾಗಬಹುದು. ವರ್ಗಾವಣೆ ಪತ್ರದಲ್ಲಿ 'ಹಿಂದಿನ ಸೇವೆ ನಿರಂತರ' ಅನ್ನುವ ಒಂದು ಸಾಲು ಬರೆಸಿಕೊಳ್ಳೋದು ಅದಕ್ಕೇ ಮುಖ್ಯ.

ಗುತ್ತಿಗೆ ಕಾರ್ಮಿಕರ ಬಗ್ಗೆ ಇಲ್ಲಿ ಬರೆಯಲು ಹೊರಟರೆ ಒಂದೇ ವಾಕ್ಯ: ಅವರಿಗೆ ಕಳೆದುಕೊಳ್ಳೋಕೆ ಪಟ್ಟಿಯೇ ಇಲ್ಲ.

ಗಡಿಯೇ ಎದ್ದು ನಡೆದಾಗ

ಈಗ ಸ್ವಲ್ಪ ಇತಿಹಾಸ. ಬಳ್ಳಾರಿಯವರಿಗೆ ಇದು ಪಠ್ಯದ ಪಾಠಕ್ಕಿಂತ ಹೆಚ್ಚು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆ ಹರಿದು ಹಂಚಿಹೋಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ ಸೇರಿ ಉಳಿದವು ಮೈಸೂರಿಗೆ ಬಂದವು. ಆ ದಿನ ಇಲ್ಲಿನ ಸರ್ಕಾರಿ ನೌಕರರು ಯಾರೂ ಗಂಟುಮೂಟೆ ಕಟ್ಟಲಿಲ್ಲ. ಕೂತ ಕುರ್ಚಿಯಲ್ಲೇ ಅವರ ರಾಜ್ಯ ಬದಲಾಯಿತು.

ಮೂರು ವರ್ಷಗಳ ನಂತರ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಇದೇ ಪ್ರಶ್ನೆ ಇನ್ನೂ ದೊಡ್ಡದಾಗಿ ಬಂತು. ಬಾಂಬೆ, ಹೈದರಾಬಾದ್, ಮದ್ರಾಸ್, ಕೊಡಗಿನಿಂದ ಬಂದ ನೌಕರರನ್ನು ಹಳೇ ಮೈಸೂರಿನವರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸಬೇಕಿತ್ತು. ಯಾರು ಮುಂದೆ, ಯಾರು ಹಿಂದೆ? ಪುನರ್ವಿಂಗಡಣಾ ಕಾಯ್ದೆಯ 115ನೇ ಕಲಂ ಒಂದು ರಕ್ಷಣೆ ಕೊಟ್ಟಿತು: ಕೇಂದ್ರದ ಪೂರ್ವಾನುಮತಿ ಇಲ್ಲದೆ ಈ ನೌಕರರ ಸೇವಾ ಷರತ್ತುಗಳನ್ನು ಅವರಿಗೆ ನಷ್ಟವಾಗುವ ಹಾಗೆ ಬದಲಿಸುವಂತಿಲ್ಲ. ಹುದ್ದೆಗಳನ್ನು ಸರಿಹೊಂದಿಸಿ, ಒಟ್ಟು ಪಟ್ಟಿ ಮಾಡಿ, ಆಕ್ಷೇಪಣೆ ಕೇಳಿ ಸೇರಿಸಲಾಯಿತು. ಎಲ್ಲರಿಗೂ ಸಮಾಧಾನ ಆಗಲಿಲ್ಲ, ವರ್ಷಗಟ್ಟಲೆ ಕೋರ್ಟು ನಡೆಯಿತು. ಆದರೂ ಹೊರಗಿನಿಂದ ಬಂದವರನ್ನು ಸಾರಾಸಗಟಾಗಿ ಬಾಲಕ್ಕೆ ಹಾಕಲಿಲ್ಲ. 2014ರಲ್ಲಿ ತೆಲಂಗಾಣ ಬೇರೆಯಾದಾಗಲೂ ನೌಕರರ ಹಂಚಿಕೆಗೆ ಕಮಲನಾಥನ್ ಸಮಿತಿ ಕೂತಿತ್ತು.

ಆ ಕಾಲದ ಒಂದು ಮೊಕದ್ದಮೆ ಇವತ್ತಿಗೂ ಜೀವಂತ. ಮೈಸೂರು ಸರ್ಕಾರ ಸ್ಯಾನಿಟರಿ ಇನ್‌ಸ್ಪೆಕ್ಟರುಗಳ ಜಿಲ್ಲಾವಾರು ಪಟ್ಟಿಯನ್ನು ರಾಜ್ಯಮಟ್ಟದ ಪಟ್ಟಿಯಾಗಿ ಬದಲಿಸಿತು. ಕೆಲವರು ತುಂಬಾ ಕೆಳಗಿಳಿದರು, ಕೋರ್ಟಿಗೆ ಹೋದರು. 1967ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಪರವಾಗಿ ನ್ಯಾಯಮೂರ್ತಿ ವಾಂಛೂ ಹೇಳಿದ್ದರ ಸಾರ ಇಷ್ಟು: ಬಡ್ತಿಗೆ ಪರಿಗಣಿಸಲ್ಪಡುವ ಹಕ್ಕು ಸೇವಾ ಷರತ್ತು, ಬಡ್ತಿ ಸಿಗುವ ಸಾಧ್ಯತೆ ಸೇವಾ ಷರತ್ತಲ್ಲ. ಅಂದಹಾಗೆ, ಆಂಧ್ರ ರಾಜ್ಯ ರಚನೆಯ ಬಗ್ಗೆ 1953ರಲ್ಲಿ ಕೇಂದ್ರಕ್ಕೆ ವರದಿ ಕೊಟ್ಟವರೂ ಇದೇ ವಾಂಛೂ.

ಕೋರ್ಟು ಈಗ ಏನನ್ನುತ್ತೆ?

ಮೂರು ತೀರ್ಪು ಗೊತ್ತಿದ್ದರೆ ಸಾಕು.

1. ಪೊನ್ನಪ್ಪನ್ ಪ್ರಕರಣ, 1996. ಅನುಕಂಪದ ಕಾರಣಕ್ಕೆ ಕೇಳಿ ವರ್ಗವಾದ ನೌಕರ ಪಟ್ಟಿಯ ಕೊನೆಗೆ ಹೋಗಲಿ, ಆದರೆ ಹಳೇ ಜಾಗದ ಸೇವೆ ಅಳಿಸಿಹೋಗಲ್ಲ ಅಂದಿತು ಸುಪ್ರೀಂ ಕೋರ್ಟ್. ಬಡ್ತಿಗೆ ಇಷ್ಟು ವರ್ಷ ಸೇವೆ ಬೇಕು ಅಂತ ನಿಯಮ ಇದ್ದರೆ ಆ ಅರ್ಹತೆಗೆ ಹಳೇ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಬಹಳ ಜನ ಬಳಸದ, ಬಹಳ ಉಪಯೋಗದ ತೀರ್ಪು.

2. ನೌಷಾದ್ ರಹಮಾನ್ ಪ್ರಕರಣ, ಮಾರ್ಚ್ 2022. ಕಸ್ಟಮ್ಸ್ ಮತ್ತು ಜಿಎಸ್‌ಟಿ ಇಲಾಖೆ ಅಂತರ ಕಮಿಷನರೇಟ್ ವರ್ಗಾವಣೆಯನ್ನೇ ನಿಲ್ಲಿಸಿತ್ತು. ಕೋರ್ಟು ಅದನ್ನು ರದ್ದು ಮಾಡಲಿಲ್ಲ. ಆದರೆ ನ್ಯಾಯಮೂರ್ತಿ ಚಂದ್ರಚೂಡ್ ಬರೆದ ತೀರ್ಪು, ಗಂಡ ಹೆಂಡತಿ ಒಂದೇ ಊರಲ್ಲಿರುವ ಅಗತ್ಯ, ಅಂಗವೈಕಲ್ಯ, ಅನುಕಂಪದ ಕಾರಣಗಳನ್ನು ಗಮನದಲ್ಲಿಟ್ಟು ನೀತಿಯನ್ನು ಮರುಪರಿಶೀಲಿಸಿ ಅಂತ ಹೇಳಿತು. ಕುಟುಂಬ ಜೀವನ, ಘನತೆ, ಲಿಂಗ ಸಮಾನತೆಯ ಕಣ್ಣಿಂದ ವರ್ಗಾವಣೆಯನ್ನು ನೋಡಿದ ತೀರ್ಪು ಅದು.

3. ಕರ್ನಾಟಕದ ಪ್ರಕರಣ, ಮಾರ್ಚ್ 2025. 1979ರಲ್ಲಿ ಸ್ಟಾಫ್ ನರ್ಸ್ ಆಗಿ ಸೇರಿದವರೊಬ್ಬರು ಅನಾರೋಗ್ಯದಿಂದ ಹುದ್ದೆ ಬದಲಿಸಲು ಕೋರಿ, 1989ರಲ್ಲಿ ಪ್ರಥಮ ದರ್ಜೆ ಸಹಾಯಕಿಯಾದರು. ಅವರ ಜ್ಯೇಷ್ಠತೆ ಎಂದಿನಿಂದ? ನ್ಯಾಯಮಂಡಳಿ ಮತ್ತು ಹೈಕೋರ್ಟ್ 1979 ಅಂದವು. ಸುಪ್ರೀಂ ಕೋರ್ಟ್ 1989 ಅಂದಿತು. ಕಾರಣ ಕಾಯಿಲೆಯೇ ಆಗಿದ್ದರೂ, ಕೇಳಿ ಪಡೆದ ವರ್ಗಾವಣೆ ಸಾರ್ವಜನಿಕ ಹಿತದ ವರ್ಗಾವಣೆ ಆಗುವುದಿಲ್ಲ, ಅಲ್ಲಿ ಈಗಾಗಲೇ ಸಾಲಲ್ಲಿ ನಿಂತವರ ಹಕ್ಕು ಮುಖ್ಯ ಅನ್ನೋದು ತರ್ಕ.

ಯೂನಿಯನ್ ಯಾಕೆ ಗಟ್ಟಿಯಾಗಿ ಮಾತಾಡಲ್ಲ?

ಯೂನಿಯನ್‌ಗಳನ್ನು ಬೈಯೋದು ಸುಲಭ. ಆದರೆ ಸೀನಿಯಾರಿಟಿ ಅನ್ನೋದೇ ಕಾರ್ಮಿಕ ಚಳವಳಿಯ ದೊಡ್ಡ ಗೆಲುವು. ಸಾಹೇಬರಿಗೆ ಬೇಕಾದವನಿಗೆ ಬಡ್ತಿ, ಜಾತಿಯವನಿಗೆ ಬಡ್ತಿ ಅನ್ನೋ ಕಾಲಕ್ಕೆ ತಡೆ ಹಾಕಿದ್ದು ತಾರೀಕಿನ ಪ್ರಕಾರ ಬರೆದ ಪಟ್ಟಿ. ಅದನ್ನು ಸಡಿಲಿಸಿದರೆ ಪ್ರಭಾವಿಗಳು ತಮಗೆ ಬೇಕಾದ ಜಾಗಕ್ಕೆ ಬಂದು ಸಾಲಿನ ಮುಂದೆ ನಿಲ್ಲುತ್ತಾರೆ. ಈ ಭಯ ಸುಳ್ಳಲ್ಲ.

ಇನ್ನೊಂದು ಕಾರಣ ಸರಳ ಗಣಿತ. ಗುಂತಕಲ್ಲಿನ ಸದಸ್ಯರ ಮತ ಗುಂತಕಲ್ಲಿನ ನಾಯಕರಿಗೆ ಬೇಕು. ಹೊರಗಿನಿಂದ ಬರಬೇಕಾದವರಿಗೆ ಅಲ್ಲಿ ಮತವಿಲ್ಲ. 2024ರ ಡಿಸೆಂಬರ್‌ನಲ್ಲಿ ರೈಲ್ವೆ ಯೂನಿಯನ್‌ಗಳ ಮಾನ್ಯತೆಗೆ ರಹಸ್ಯ ಮತದಾನ ನಡೆದಾಗಲೂ ಪ್ರತಿ ವಲಯದ ಲೆಕ್ಕ ಪ್ರತ್ಯೇಕವಾಗಿತ್ತು. ಎರಡು ಪಟ್ಟಿಗಳ ನಡುವೆ ಸಿಕ್ಕಿಕೊಂಡವರು ಯಾರ ಕ್ಷೇತ್ರವೂ ಅಲ್ಲ.

ಅರ್ಜಿ ಹಾಕೋ ಮುಂಚೆ

- ನಿಮ್ಮ ಹುದ್ದೆಯ ಸೀನಿಯಾರಿಟಿ ಘಟಕ ಯಾವುದು ಅಂತ ಬರವಣಿಗೆಯಲ್ಲಿ ಕೇಳಿ. ಜಿಲ್ಲೆಯೋ, ವಿಭಾಗವೋ, ರಾಜ್ಯವೋ, ದೇಶವೋ? ಸಂಸ್ಥೆ ಸರ್ಕಾರಿಯಾಗಿದ್ದರೆ ಮಾಹಿತಿ ಹಕ್ಕು ಅರ್ಜಿ ಸಾಕು.
- ಆದೇಶದ ಪದಗಳನ್ನು ನೋಡಿ. 'ಸ್ವಂತ ಕೋರಿಕೆ' ಅಂತಿದೆಯೋ, 'ಆಡಳಿತ ಹಿತದೃಷ್ಟಿ' ಅಂತಿದೆಯೋ? ಕೋರಿಕೆ ವರ್ಗಾವಣೆಗೆ ಸಾಮಾನ್ಯವಾಗಿ ಪ್ರಯಾಣ ಭತ್ಯೆ ಕೊಡಲ್ಲ. ಅದೊಂದು ಸುಳಿವು.
- 'ಜ್ಯೇಷ್ಠತೆ ಬಿಟ್ಟುಕೊಡುತ್ತೇನೆ' ಅನ್ನೋ ಮುಚ್ಚಳಿಕೆಗೆ ಸಹಿ ಹಾಕುವಾಗ ಬಿಟ್ಟುಕೊಡುತ್ತಿರುವುದು ಸರದಿಯನ್ನೋ, ಒಟ್ಟು ಸೇವೆಯನ್ನೋ ಓದಿ. ಒಂದು ಪ್ರತಿ ಇಟ್ಟುಕೊಳ್ಳಿ.
- ಮ್ಯೂಚುವಲ್ ಜೋಡಿ ಹುಡುಕೋದಾದರೆ ಸೇರಿದ ತಾರೀಕು, ಗ್ರೇಡು, ಮೀಸಲಾತಿ ವರ್ಗ ಮೂರನ್ನೂ ಮೊದಲೇ ಹೊಂದಿಸಿ ನೋಡಿ.
- ಹೊಸ ಪರೀಕ್ಷೆ ಬರೆದು ಹೋಗೋದಾದರೆ ಇಲಾಖೆಯ ಮೂಲಕವೇ ಅರ್ಜಿ ಹಾಕಿ. ಕೇಂದ್ರ ಸರ್ಕಾರದ ನೌಕರಿಗಳಲ್ಲಿ ತಾಂತ್ರಿಕ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆ ಪಿಂಚಣಿಗೆ ಸೇರುತ್ತೆ. ಸುಮ್ಮನೆ ರಾಜೀನಾಮೆ ಬಿಸಾಕಿದರೆ ಅದೂ ಹೋಗುತ್ತೆ.
- ಹೊಸ ಜಾಗದಲ್ಲಿ ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿ ಹೊರಬಿದ್ದಾಗ ಗಡುವಿನೊಳಗೆ ಆಕ್ಷೇಪಣೆ ಹಾಕಿ. ಪಟ್ಟಿ ಒಮ್ಮೆ ಗಟ್ಟಿಯಾಗಿ ವರ್ಷಗಳಾದ ಮೇಲೆ ಕೋರ್ಟುಗಳು ಅದನ್ನು ಕದಲಿಸಲು ಹಿಂಜರಿಯುತ್ತವೆ.

ಕೇಳಿದವರು ಯಾರು?

ಇಷ್ಟೆಲ್ಲ ನಿಯಮಗಳ ಹೊಟ್ಟೆಯಲ್ಲಿ ಕೂತಿರೋದು ಒಂದೇ ಪ್ರಶ್ನೆ: ಜಾಗ ಬದಲಾಗಲಿ ಅಂತ ಕೇಳಿದವರು ಯಾರು? ಸರ್ಕಾರ ಕೇಳಿದರೆ ಸರದಿ ಜೊತೆಗೆ ಬರುತ್ತೆ. ದೇಶವೇ ಗಡಿ ಎಳೆದರೆ ಕಾನೂನು ಕಾವಲಿಗೆ ನಿಲ್ಲುತ್ತೆ. ನೀವು ಕೇಳಿದರೆ ಅದು ನಿಮ್ಮ ಖಾಸಗಿ ಬಯಕೆ.

ಆದರೆ ನಮ್ಮ ಸಮಾಜದಲ್ಲಿ ಮದುವೆಯಾದ ಮೇಲೆ ಊರು ಬಿಡೋರು ಯಾರು? ಅತ್ತೆ ಮಾವನನ್ನು ನೋಡಿಕೊಳ್ಳಲು, ಮಗುವನ್ನು ಸಾಕಲು ವರ್ಗ ಕೇಳೋರು ಯಾರು? ಬಹುಪಾಲು ಹೆಂಗಸರು. ಕಾಗದದ ಮೇಲೆ 'ಸ್ವಂತ ಕೋರಿಕೆ' ಅಂತ ಬರೆದಿರುತ್ತೆ, ಕೋರಿದ್ದು ಇಡೀ ಮನೆ. ಬೆಲೆ ಕಟ್ಟೋದು ಒಬ್ಬಳು. ನಿಯಮ ಗಂಡು ಹೆಣ್ಣು ಅಂತ ಭೇದ ಮಾಡಲ್ಲ ನಿಜ, ಆದರೆ ಅದು ಬೀಳೋ ಜಾಗ ಮಾತ್ರ ಗೊತ್ತಿರುವಂಥದ್ದೇ. ಗಂಡ ಹೆಂಡತಿಯನ್ನು ಒಂದೇ ಊರಲ್ಲಿ ಹಾಕಿ ಅನ್ನೋ ಕೇಂದ್ರದ ಮಾರ್ಗಸೂಚಿ 1986ರಿಂದ ಇದೆ, 2009ರಲ್ಲಿ ಮತ್ತೆ ಬಿಗಿಯಾಯಿತು. ಜಾಗ ಕೊಡುವಾಗ ಕುಟುಂಬವನ್ನು ಒಪ್ಪುವ ಸರ್ಕಾರ ಸರದಿಯ ವಿಷಯ ಬಂದ ಕೂಡಲೇ ಅದನ್ನು ವೈಯಕ್ತಿಕ ಅಂತ ಯಾಕೆ ಕರೆಯಬೇಕು?

ಸಾಲಲ್ಲಿ ನಿಂತವರನ್ನು ತಳ್ಳಿ ಹಳಬರನ್ನು ಮುಂದೆ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ನಾನು ಕೇಳೋದು ಮೂರು, ಮೂರೂ ಸಣ್ಣವು. ಮ್ಯೂಚುವಲ್ ಬಯಸುವವರ ಪಟ್ಟಿಯನ್ನು ಸಂಸ್ಥೆಯೇ ಇಟ್ಟು ಎಲ್ಲರಿಗೂ ಕಾಣುವಂತೆ ಮಾಡಲಿ, ಜೋಡಿ ಹುಡುಕೋಕೆ ವಾಟ್ಸಾಪ್ ಗುಂಪುಗಳಲ್ಲಿ ಅಂಗಲಾಚೋದು ತಪ್ಪಲಿ. 1996ರ ತೀರ್ಪಿನ ಪ್ರಕಾರ ಅರ್ಹತೆಗೆ ಹಳೇ ಸೇವೆ ಲೆಕ್ಕಕ್ಕೆ ಬರುತ್ತೆ ಅಂತ ಪ್ರತಿ ವರ್ಗಾವಣೆ ಆದೇಶದಲ್ಲೇ ಬರೆಯಲಿ. ಗಂಡ ಹೆಂಡತಿ ಕಾರಣಕ್ಕೆ ಹೋಗುವವರಿಗೆ ಇಡೀ ಸೇವೆಯಲ್ಲಿ ಒಂದು ಸಲ, ಹಳೇ ಸೇವೆಯ ಒಂದು ಪಾಲಾದರೂ ಸರದಿಗೆ ಸಿಗುವಂತೆ ಯೂನಿಯನ್‌ಗಳು ಒಪ್ಪಂದದ ಮೇಜಿಗೆ ತರಲಿ.

1956ರಲ್ಲಿ ಐದು ಆಡಳಿತಗಳ ನೌಕರರನ್ನು ಕೈಬರಹದ ಪಟ್ಟಿಗಳಿಟ್ಟುಕೊಂಡು ಒಂದೇ ಸಾಲಿಗೆ ತಂದ ರಾಜ್ಯ ಇದು. ಇವತ್ತು ಅಷ್ಟೂ ಸರ್ವಿಸ್ ರಿಜಿಸ್ಟರ್ ಕಂಪ್ಯೂಟರಿನಲ್ಲಿದೆ. ಸಿರುಗುಪ್ಪದಿಂದ ಆದವಾನಿಗೆ ಸೊಸೆಯಾಗಿ ಹೋಗುವವಳ ಹತ್ತು ವರ್ಷವನ್ನು ಲೆಕ್ಕ ಹಾಕೋದು ಅದಕ್ಕಿಂತ ಕಷ್ಟದ ಕೆಲಸವೇನಲ್ಲ.